ಗಿಡ್ಡಮ್ಮ ಹೇಳಲೊಲ್ಲದ ಕತೆ

ಚನ್ನಕೇಶವನನ್ನು ಹೊಳೆಗೆ ತಳ್ಳಿದವಳು ನಾನು. ಕಾಗದದ ಮೇಲೆ ತಳ್ಳಿದ್ದು, ನಿಜ. ಆದರೆ ಅದರಿಂದ ಜಾವಳಿಯ ಗಿಡ್ಡಮ್ಮನ ಪ್ರಾಣಕ್ಕೆ ಕುತ್ತು ಬಂದಿತ್ತಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಅದು ತೊಂಬತ್ತೊಂಬತ್ತನೆಯ ಇಸವಿ. ನಾನು ತನುಜಾ, ಚಿಕ್ಕಮಗಳೂರಿನ ದಿನಸಿ ಅಂಗಡಿಯವರ ಮಗಳು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಮಿದುಳಿಗೆ ಪೆಟ್ಟೋ ಕಾಯಿಲೆಯೋ ಆದವರಲ್ಲಿ ನೆನಪು ಎಷ್ಟಿದೆ, ಮಾತು ಎಷ್ಟಿದೆ, ಗಮನ ಎಷ್ಟಿದೆ ಎಂದು ಅಳೆಯುವುದು ನಮ್ಮ ಕೆಲಸ. ಪ್ರಯೋಗಾಲಯ ಎಂದರೆ ಗಾಜಿನ ನಳಿಕೆ, ಹೊಗೆ ಎಂದೆಲ್ಲ ಅಂದುಕೊಳ್ಳಬೇಡಿ. ಎರಡು ಕೋಣೆ, ಮೂರು ಮೇಜು, ಬೀಗ ಸರಿಯಿಲ್ಲದ ಒಂದು ಬೀರು, ಅಷ್ಟೆ. ಮುಖ್ಯಸ್ಥರು ಓಂಕಾರಮೂರ್ತಿ ಸರ್. ಶಾಲೆಯ ಮೆಟ್ಟಿಲು ಹತ್ತದವರ ನೆನಪನ್ನು ಓದಿದವರ ಅಳತೆಯಲ್ಲಿ ಅಳೆಯಬಾರದು ಎಂಬುದು ಅವರ ಹಟ. ಇಪ್ಪತ್ತು ವರ್ಷದಿಂದ ಅದೊಂದನ್ನೇ ಹಿಡಿದು ಕೂತಿದ್ದರು. ನನ್ನ ಹಿರಿಯ ಸಹೋದ್ಯೋಗಿ ವೀರೇಂದ್ರನಿಗೆ ಎಡಚರ ಹುಚ್ಚು. ಮದುವೆಮನೆಗೆ ಹೋದರೂ ಊಟ ಬಿಟ್ಟು, ಯಾರು ಎಡಗೈಯಲ್ಲಿ ಸೌಟು ಹಿಡಿದಿದ್ದಾರೆ ಎಂದು ನೋಡುತ್ತಿದ್ದ ಮಹಾರಾಯ. ನನ್ನ ಪಾಲಿಗೆ ಬಂದದ್ದು ಕತೆ.

ಒಂದು ಪುಟ್ಟ ಕತೆ ಓದಿ ಹೇಳುವುದು, ಕೇಳಿದವರು ಅದನ್ನು ತಿರುಗಿ ಹೇಳುವುದು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹೇಳುವುದು. ಕತೆಯೊಳಗೆ ಇಪ್ಪತ್ತೈದು ಸಂಗತಿಗಳಿರುತ್ತವೆ. ಎಷ್ಟು ಬಂದವೋ ಅಷ್ಟು ಅಂಕ. ಮೊದಲಿದ್ದ ಕತೆ ಪರದೇಶದ್ದು, ಅದರಲ್ಲಿ ಹಡಗು, ಹಿಮ ಎಲ್ಲ ಇತ್ತು. ನಮ್ಮ ಕಡೆಯವರಿಗೆ ಹಿಮ ಎಲ್ಲಿಂದ ಬರಬೇಕು? ನಾನೇ ಒಂದು ಹೊಸ ಕತೆ ಬರೆದೆ. ಹೆಸರು ಕೂಡ ನಮ್ಮ ಮಣ್ಣಿನದ್ದೇ ಇರಲಿ ಎಂದು ಚನ್ನಕೇಶವ ಎಂದಿಟ್ಟೆ. ಚನ್ನಕೇಶವ ಎಂಬ ರೈತ ಸೋಮವಾರದ ಸಂತೆಗೆ ಹೋಗಿ ಎರಡು ಕಂಬಳಿ, ಒಂದು ಕುಡುಗೋಲು ಕೊಳ್ಳುತ್ತಾನೆ. ಬರುವಾಗ ಹೊಳೆ ತುಂಬಿರುತ್ತದೆ. ಮರದ ದಿಮ್ಮಿಯ ಸಂಕ ದಾಟುವಾಗ ಕಾಲು ಜಾರಿ ಬೀಳುತ್ತಾನೆ. ಜೊತೆಗಿದ್ದ ಕೆಂಚುನಾಯಿ ಮಾತ್ರ ಈಜಿ ಮನೆ ಸೇರುತ್ತದೆ. ನಾಯಿಯ ಒದ್ದೆ ಮೈ ನೋಡಿ ಹೆಂಡತಿ ಕೂಗಿಕೊಳ್ಳುತ್ತಾಳೆ. ಮೂರನೆಯ ದಿನ ಬಿದಿರುಮೆಳೆಯ ಬುಡದಲ್ಲಿ ಹೆಣ ಸಿಗುತ್ತದೆ, ಕಂಬಳಿ ಹೆಗಲ ಮೇಲೇ ಇರುತ್ತದೆ. ದುಃಖದ ಕತೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂಬುದು ನನ್ನ ವಾದ. ಇನ್ನೂರು ಜನ ಆರೋಗ್ಯವಂತರಿಗೆ ಓದಿ, ಸರಾಸರಿ ಲೆಕ್ಕ ಹಾಕಿ, ಸರ್ ಕೈಯಲ್ಲಿ ಭೇಷ್ ಅನ್ನಿಸಿಕೊಂಡೆ. ತಲೆ ಸ್ವಲ್ಪ ತಿರುಗಿದ್ದೂ ಹೌದು.

ಇನ್ನು ಗಿಡ್ಡಮ್ಮ. ಇಲ್ಲಿ ಹೇಳುವುದರಲ್ಲಿ ಬಹಳಷ್ಟು ನನಗೆ ಆಮೇಲೆ ತಿಳಿದದ್ದು.

ಅವಳು ಹುಟ್ಟಿದ್ದು ಕಳಸದ ಕಡೆ. ಒಂಬತ್ತು ವರ್ಷದವಳಿದ್ದಾಗ ನಾಟಿಯ ದಿನ ಸಸಿಯ ಕಟ್ಟು ಹೊತ್ತು ಬರುವಾಗ ಗದ್ದೆಯ ಅಂಚಿನಲ್ಲಿ ಬಿದ್ದು ಒದ್ದಾಡಿದಳು. ಅದೇ ಮೊದಲನೆಯ ಮೂರ್ಛೆ. ಶಾಲೆಯಲ್ಲಿ ಎರಡನೆಯ ಸಲ ಬಂದಾಗ ಮೇಷ್ಟ್ರು, ಇನ್ನು ಕಳಿಸಬೇಡಿ, ಬೇರೆ ಮಕ್ಕಳು ಹೆದರುತ್ತವೆ ಎಂದರು. ಅಲ್ಲಿಗೆ ಅಕ್ಷರ ಮುಗಿಯಿತು. ಅಂತ್ರ ಕಟ್ಟಿಸಿದರು, ಬೂದಿ ತಿನ್ನಿಸಿದರು, ಬಂದಾಗಲೆಲ್ಲ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟರು. ಹದಿನೆಂಟಕ್ಕೆ ವಿಷಯ ಮುಚ್ಚಿಟ್ಟು ಜಾವಳಿಯ ಚನ್ನಕೇಶವನಿಗೆ ಮದುವೆ ಮಾಡಿಕೊಟ್ಟರು. ಎಂಟನೆಯ ದಿನವೇ ಗುಟ್ಟು ರಟ್ಟಾಯಿತು.

ಚನ್ನಕೇಶವನ ತಾಯಿ ತಿಮ್ಮಮ್ಮ, ಹುಡುಗಿಯನ್ನು ವಾಪಸು ಬಿಟ್ಟು ಬಾ ಎಂದು ಕೂತಲ್ಲಿ ನಿಂತಲ್ಲಿ ಹೇಳಿದರು. ಇವನು ತಾಯಿಗೆ ಎದುರು ಮಾತಾಡಿದವನಲ್ಲ. “ಆತು, ಮಳೆಗಾಲ ಒಂದು ಮುಗೀಲಿ,” ಎಂದ. ಮಳೆಗಾಲ ಮುಗಿದ ಮೇಲೆ, “ಕಾಫಿ ಕೊಯ್ಲು ಮುಗೀಲಿ,” ಎಂದ. ಹಾಗೇ ಹದಿನೆಂಟು ಮಳೆಗಾಲ, ಹದಿನೆಂಟು ಕೊಯ್ಲು ಮುಗಿಸಿಬಿಟ್ಟ. ಆ ತಾಯಿಯೂ ಕೊನೆಕೊನೆಗೆ ಸೊಸೆಯ ಕೈಯಿಂದಲೇ ನೀರು ಕುಡಿದು ಕಣ್ಣು ಮುಚ್ಚಿದರು. ಮಕ್ಕಳಾಗಲಿಲ್ಲ. ಮೂರೆಕರೆ ರೊಬಸ್ಟಾ ಕಾಫಿ, ಅರ್ಧ ಎಕರೆ ಗದ್ದೆ, ಇಬ್ಬರೇ. ಅವಳು ಒಮ್ಮೆ ಒಲೆಯ ಮೇಲೆ ಬಿದ್ದು ಮುಂಗೈ ಸುಟ್ಟುಕೊಂಡ ಮೇಲೆ ಅಡುಗೆಯನ್ನು ಚನ್ನಕೇಶವನೇ ಹಿಡಿದ. ಊರವರು ಆಡಿಕೊಂಡರು, ಸೌಟು ಹಿಡಿದ ಗಂಡಸು ಎಂದು ನಕ್ಕರು. ನಕ್ಕವರಿಗೆ ಅವನು ಹಬ್ಬಕ್ಕೆ ಕಡುಬು ಮಾಡಿ ಬಡಿಸುತ್ತಿದ್ದ.

ತೊಂಬತ್ತೆಂಟರ ಕೊನೆಯಲ್ಲಿ ಗಿಡ್ಡಮ್ಮ ತೋಟದ ಕೆರೆಗೆ ಬಿದ್ದಳು. ಅವನು ಹತ್ತು ಮಾರು ದೂರದಲ್ಲಿದ್ದ. ಓಡಿ ಹೋಗಿ ಜಡೆ ಹಿಡಿದು ಎಳೆದುಹಾಕಿದ. ಐದು ತರದ ಮಾತ್ರೆ ನುಂಗಿದರೂ ವಾರಕ್ಕೆರಡು ಸಲ ಬರುವುದು ತಪ್ಪುತ್ತಿರಲಿಲ್ಲ. ಮೂಡಿಗೆರೆಯ ಡಾಕ್ಟರು ನಮ್ಮ ವಿಶ್ವವಿದ್ಯಾಲಯದ ಊರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ತಲೆಯ ಚಿತ್ರ ತೆಗೆದು ನೋಡಿದರೆ, ಮೂರ್ಛೆ ಹುಟ್ಟುತ್ತಿದ್ದದ್ದು ಮಿದುಳಿನ ಬಲಗಡೆ, ಕಿವಿಯ ಮೇಲಿನ ಭಾಗದಲ್ಲಿ, ಒಂದು ಸಣ್ಣ ಗಾಯದ ಕಲೆಯಿಂದ. ಅದನ್ನು ತೆಗೆದರೆ ಮೂರ್ಛೆ ನಿಲ್ಲಬಹುದು. ತೆಗೆಯದಿದ್ದರೆ? “ಮುಂದಿನ ಸಲ ನೀವು ಹತ್ತು ಮಾರು ದೂರದಲ್ಲಿ ಇರದೆ ಹೋದ್ರೆ?” ಎಂದು ಅಲ್ಲಿನ ಡಾಕ್ಟರು ಚನ್ನಕೇಶವನನ್ನೇ ಕೇಳಿದರಂತೆ.

ಆದರೆ ಬಲಗಡೆ ತೆಗೆದರೆ ನೆನಪಿನ ಭಾರವೆಲ್ಲ ಎಡಗಡೆಯ ಮೇಲೆ ಬೀಳುತ್ತದೆ. ಎಡಗಡೆ ಗಟ್ಟಿಯಿದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಬೇಕು. ಕೇಳಿದ ಮಾತನ್ನು ನೆನಪಿಟ್ಟು ಹೇಳುವುದು ಎಡಗಡೆಯ ಕೆಲಸ. ಅದು ಬಾರದಿದ್ದರೆ ಎಡಗಡೆಯೂ ಹಾಳಾಗಿದೆ ಎಂದರ್ಥ. ಆಗ ಬಲಗಡೆಗೆ ಕತ್ತಿ ಹಾಕಿದರೆ ಆಕೆ ಬೆಳಿಗ್ಗೆ ಉಂಡದ್ದನ್ನು ಮಧ್ಯಾಹ್ನ ಮರೆಯುವ ಹೆಂಗಸಾಗಿ ಉಳಿಯುತ್ತಾಳೆ. ಅದಕ್ಕೇ ನಮ್ಮ ಪ್ರಯೋಗಾಲಯದ ಕಾಗದ ಬೇಕಿತ್ತು. ಆ ಕಾಗದ ಬರೆಯುವ ಕೆಲಸ ನನ್ನದು.

ತಿಂಗಳಿಗೊಮ್ಮೆ ನಾವು ಚಿಕ್ಕಮಗಳೂರಿನಲ್ಲೇ ಶಿಬಿರ ಮಾಡುತ್ತಿದ್ದೆವು. ಫೆಬ್ರವರಿಯ ಒಂದು ಶುಕ್ರವಾರ ಗಿಡ್ಡಮ್ಮ ನನ್ನ ಮುಂದೆ ಬಂದು ಕೂತಳು. ಮೂವತ್ತಾರು ವರ್ಷ, ತೆಳ್ಳಗಿನ ಆಸಾಮಿ, ಸುಟ್ಟ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನನ್ನ ಕೈಯಲ್ಲಿದ್ದದ್ದು ಅವಳ ಹೆಸರು, ವಯಸ್ಸು, ಒಂದು ನಂಬರು. ಪರೀಕ್ಷೆ ಮಾಡುವವರಿಗೆ ರೋಗಿಯ ಮನೆಯ ವಿಚಾರ ಗೊತ್ತಿರಬಾರದು ಎಂಬುದು ನಿಯಮ. ಕನಿಕರ ಹುಟ್ಟಿ ಅಂಕ ಹೆಚ್ಚು ಹಾಕಿಬಿಡುತ್ತೇವೆ ಎಂಬ ಭಯ. ಪದಗಳ ಪಟ್ಟಿ ಓದಿದೆ. ಹದಿನೈದರಲ್ಲಿ ಏಳು ಹೇಳಿದಳು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ ಎನ್ನುವ ಅಂಕ. ಕತೆಯೇ ತೀರ್ಮಾನ ಮಾಡಬೇಕಿತ್ತು.

ಕತೆ ಓದಲು ಶುರುಮಾಡಿದೆ. ಮೊದಲನೆಯ ವಾಕ್ಯಕ್ಕೇ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಂಕ ಜಾರಿದಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ಹೆಣ ಎಂದಾಗ ಎದ್ದು ನಿಂತೇಬಿಟ್ಟಳು.

“ಕೂತ್ಕೊಳ್ಳಿ ಗಿಡ್ಡಮ್ಮೋರೆ. ಈಗ ನೆನಪಿದ್ದಷ್ಟು ಹೇಳಿ.”

“ನೆನಪಿಲ್ಲ.”

“ಒಂದೇ ಒಂದು ಮಾತಾದ್ರೂ?”

“ಎಂತದೂ ಇಲ್ಲ.”

“ಯಾರ ಕತೆ ಅದು? ಎಲ್ಲಿಗೆ ಹೋಗಿದ್ದ?”

“ಗೊತ್ತಿಲ್ಲ ಅಂದ್ನಲ್ಲ ಮೇಡಮ್ಮೋರೆ.”

ಅರ್ಧ ಗಂಟೆ ಬಿಟ್ಟು ಕೇಳಿದೆ. ಅದೇ ಉತ್ತರ, ಇನ್ನೂ ಗಡುಸಾಗಿ. ನನಗೆ ರೇಗಿತು. ಇನ್ನೂರು ಜನರಲ್ಲಿ ಎಂಬತ್ತು ವರ್ಷದ ಮುದುಕಿಯರೂ ನಾಯಿಯನ್ನಾದರೂ ಹೇಳಿದ್ದರು. ಎರಡು ಖಾನೆಗಳಲ್ಲೂ ಸೊನ್ನೆ ಸುತ್ತಿದೆ. ಸಂಜೆ ಸರ್‌ಗೆ ಫೋನು ಮಾಡಿ, “ಎಡಗಡೆಯೂ ಹೋಗಿದೆ ಸರ್,” ಎಂದೆ. “ಪಾಪ. ಸೋಮವಾರ ಹತ್ತು ಗಂಟೆಗೆ ಸರ್ಜನ್ ಜೊತೆ ಮೀಟಿಂಗಿದೆ. ಆಪರೇಷನ್ ಬೇಡ ಅಂತ ಹೇಳಿಬಿಡ್ತೀನಿ,” ಎಂದರು. ನಾನು ಮನೆಗೆ ಹೋಗಿ ಮಂಡಕ್ಕಿ ತಿಂದು ಹಾಯಾಗಿ ಮಲಗಿದೆ. ಹಾಯಾಗಿ!

ಮಾರನೆಯ ದಿನ ಬೆಳಿಗ್ಗೆ ಅಪ್ಪನ ಅಂಗಡಿಯಲ್ಲಿ ಕೂತು ಶಿಬಿರದ ದಾಖಲೆ ಪುಸ್ತಕವನ್ನು ನಕಲು ಮಾಡುತ್ತಿದ್ದೆ. ರೋಗಿಯ ಹೆಸರು, ಊರು, ಜೊತೆಗೆ ಬಂದವರ ಸಹಿ. ಗಿಡ್ಡಮ್ಮನ ಸಾಲಿಗೆ ಬಂದೆ. ಜೊತೆಗೆ ಬಂದವರು: ಚನ್ನಕೇಶವ, ಗಂಡ. ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

ನನ್ನ ಸ್ವಂತ ಅಜ್ಜಿ ರುದ್ರಾಣಿ ಜೀವಮಾನದಲ್ಲಿ ಒಂದು ಸಲವೂ ತಾತನ ಹೆಸರು ಹೇಳಿದವರಲ್ಲ. ತಾತನ ಹೆಸರು ಬಸಪ್ಪ. ಅದಕ್ಕೇ ಅಜ್ಜಿ ಬಸ್ಸು ಎಂದೂ ಅನ್ನುತ್ತಿರಲಿಲ್ಲ. “ಮೋಟಾರು ಬಂತೇನೇ, ನೋಡೇ,” ಎನ್ನುತ್ತಿದ್ದರು. ಬಸವನಹುಳ ಕಂಡರೆ ಕೈ ತೋರಿಸುತ್ತಿದ್ದರು ಅಷ್ಟೆ. ಅದನ್ನು ನೋಡಿ ಬಿದ್ದು ಬಿದ್ದು ನಕ್ಕು ಬೆಳೆದವಳು ನಾನು. ಆಮೇಲೆ ಎಂ.ಎ. ಓದಿದೆ. ಓದಿ, ಒಬ್ಬ ಹೆಂಗಸನ್ನು ಎದುರು ಕೂರಿಸಿಕೊಂಡು, ನಿನ್ನ ಗಂಡ ಹೊಳೆಯಲ್ಲಿ ಸತ್ತ, ಹೆಣ ಬಿದಿರುಮೆಳೆಯಲ್ಲಿ ಸಿಕ್ಕಿತು, ಎಲ್ಲಿ ಇದನ್ನು ನಿನ್ನ ಬಾಯಿಂದ ಹೇಳು ನೋಡೋಣ ಎಂದು ಕೇಳಿದೆ. ಅವಳು ಹೇಳಲಿಲ್ಲವೆಂದು ಸೊನ್ನೆ ಕೊಟ್ಟೆ. ಥೂ ನನ್ನ ಜನ್ಮಕ್ಕೆ!

ಅಂಗಡಿಯ ಫೋನಿನಿಂದಲೇ ಸರ್‌ಗೆ ಹೇಳಿದೆ. ಬೇರೆ ಕತೆ ಓದಿ ಕೇಳಲೇ ಎಂದೆ.

“ಬೇರೆ ಕತೆಗೆ ಸರಾಸರಿ ಎಲ್ಲಿದೆ ನಮ್ಮ ಹತ್ರ? ಯಾವ ಲೆಕ್ಕದಲ್ಲಿ ಅಳೀತೀಯ?” ಎಂದರು. ಆಮೇಲೆ ಧ್ವನಿ ಇಳಿಸಿದರು. “ನೋಡಮ್ಮ, ಅವಳಿಗೆ ಗೊತ್ತಿದ್ದೂ ಹೇಳಲಿಲ್ಲ ಅನ್ನೋದು ನಿನ್ನ ಊಹೆ. ನಿಜವಾಗಿ ಮರೆತಿದ್ರೆ? ನಿನ್ನ ಊಹೆ ನಂಬಿ ಆಪರೇಷನ್ ಮಾಡಿ, ಆಕೆ ಗಂಡನ ಮುಖ ಕೂಡ ಮರೆತ್ರೆ ಯಾರು ಹೊಣೆ? ಅದೇ ಕತೆ, ಮತ್ತೆ ಓದಬಾರದು. ಎರಡು ದಿನ ಕಳೆದ ಮೇಲೂ ಅರ್ಧಕ್ಕರ್ಧ ಹೇಳಿದ್ರೆ ನಾನು ಒಪ್ತೀನಿ. ಒಂದು ಪದವನ್ನೂ ನೀನು ಎತ್ತಿಕೊಡಬಾರದು. ಹೀಗೆ ಹೇಳಿ, ಹಾಗೆ ಹೇಳಿ ಅಂತಲೂ ಅನ್ನಬಾರದು. ಟೇಪಿನಲ್ಲಿ ಹಿಡಿದು ಸೋಮವಾರ ಹತ್ತರೊಳಗೆ ತಾ. ಈ ಸಲ ಬಿಟ್ರೆ ಸರ್ಜನ್ ಮತ್ತೆ ದಿನ ಕೊಡೋದು ಮುಂದಿನ ವರ್ಷ.”

ಮುಂದಿನ ವರ್ಷ. ವಾರಕ್ಕೆರಡು ಎಂದರೆ ಅಷ್ಟರೊಳಗೆ ನೂರು ಸಲ. ಆ ನೂರರಲ್ಲಿ ಒಂದು ಸಲ ಕೆರೆಯ ಹತ್ತಿರವಾದರೆ ಸಾಕಲ್ಲ.

ಭಾನುವಾರ ಮೂಡಿಗೆರೆಗೆ ಹೋಗಿ, ಅಲ್ಲಿಂದ ಜಾವಳಿಯ ಬಸ್ಸು ಹಿಡಿದು ಇಳಿದಾಗ ಹನ್ನೆರಡು ದಾಟಿತ್ತು. ವಾಪಸು ಬಸ್ಸು ಮೂರೂವರೆಗೆ, ಅದು ತಪ್ಪಿದರೆ ಸೋಮವಾರ ತಪ್ಪಿದ ಹಾಗೇ. ಗಿಡ್ಡಮ್ಮ ಕಣದಲ್ಲಿ ಒಣಹಾಕಿದ ಕಾಫಿ ಹಣ್ಣನ್ನು ಕೋಲುಗೊರೆಯಲ್ಲಿ ಎಳೆದು ತಿರುವುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಗಂಟಾಯಿತು. ಒಳಗಿನಿಂದ ಚನ್ನಕೇಶವ ಕೈಯೊರೆಸಿಕೊಳ್ಳುತ್ತ ಬಂದು, “ಬನ್ನಿ ಮೇಡಂ, ಊಟದ ಹೊತ್ತಿಗೆ ಬಂದ್ರಿ, ಒಳ್ಳೇದಾತು,” ಎಂದ.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. “ಗಿಡ್ಡಮ್ಮೋರೆ, ಆ ಕತೆ ನೀವು ಹೇಳ್ದಿದ್ರೆ ಆಪರೇಷನ್ ಇಲ್ಲ. ನಾಳೆ ಬೆಳಿಗ್ಗೆ ತೀರ್ಮಾನ. ನಿಮಗೆ ನಿಜವಾಗಿ ನೆನಪಿಲ್ವಾ?”

“ನೆನಪಿಲ್ದೆ ಎಂತದು!” ಎಂದಳು. “ನಾಯಿ ಬಣ್ಣ ಸಮೇತ ನೆನಪಿದೆ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿದ್ರೆ ಅದೇ ಬರ್ತದೆ.”

“ಹಾಗಾದ್ರೆ ಹೇಳಿ.”

“ಹೇಳಲ್ಲ.”

ಚನ್ನಕೇಶವ ಇಬ್ಬರ ಮುಖವನ್ನೂ ನೋಡಿದ. “ಎಂತ ಕತೆ ಮಾರಾಯ್ತಿ ಅದು? ಶುಕ್ರವಾರದಿಂದ ನೀನು ಸರಿಯಾಗಿ ಮಾತೇ ಆಡ್ತಿಲ್ಲ.” ಅವಳು ಹಣ್ಣು ತಿರುವುತ್ತಲೇ ಇದ್ದಳು. ನನ್ನ ಕಡೆ ತಿರುಗಿದ. ನಾನು ಹೇಳುವ ಹಾಗಿಲ್ಲ ಎಂದೆ. ಅವನು ದಡ್ಡನಲ್ಲ. “ಅದರಲ್ಲಿ ನನ್ನ ಹೆಸರಿನೋನು ಇದ್ದಾನಾ?” ಎಂದ. ಗಿಡ್ಡಮ್ಮ ಬೆನ್ನು ತಿರುಗಿಸಿದಳು. “ಸತ್ತೋಗ್ತಾನಾ?”

ಅವಳು ಎರಡೂ ಕಿವಿ ಮುಚ್ಚಿಕೊಂಡಳು.

ಚನ್ನಕೇಶವ ಜೋರಾಗಿ ನಕ್ಕುಬಿಟ್ಟ. “ಅಯ್ಯೋ, ಇಷ್ಟಕ್ಕಾ! ಸಾಯ್ಲಿ ಬಿಡೇ ಅವನು! ಕತೇಲಿ ಸತ್ರೆ ನಂಗೆಂತ ಆಗ್ತದೆ? ಹೇಳು, ಹೇಳಿ ಮುಗಿಸು.”

ಅವಳು ಕೋಲುಗೊರೆಯನ್ನು ಅವನ ಕಾಲಬುಡಕ್ಕೆ ಎಸೆದಳು. “ನಿಮಗೆ ನಗು! ಇರೋದೊಂದು ಜೀವ ನಂಗೆ. ನನ್ನ ಬಾಯಿಂದಲೇ ಅದನ್ನು ಅನ್ನಿಸ್ತೀರಾ? ಆಪರೇಷನ್ನೂ ಬ್ಯಾಡ, ಎಂತದೂ ಬ್ಯಾಡ. ಹೀಗೇ ಇರ್ತೀನಿ.”

ಅವನ ನಗು ಅಲ್ಲಿಗೇ ನಿಂತಿತು. ಮೊದಲು ಪುಸಲಾಯಿಸಿದ. ಆಮೇಲೆ ಬೈದ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಗಟ್ಟಿ ಮಾತಾಡದ ಗಂಡಸು, ಕಣದ ನಡುವೆ ನಿಂತು ಕೂಗಿದ: “ನಿನ್ನನ್ನು ಕೆರೆಯಿಂದ ಎಳೆದಾಗ ನಿನ್ನ ಮುಖ ಎಂತ ಬಣ್ಣ ಇತ್ತು ಅಂತ ನಿಂಗೆ ಗೊತ್ತಾ? ನೋಡ್ದೋನು ನಾನು! ಇನ್ನೊಂದ್ಸಲ ನೋಡಕ್ಕೆ ನನ್ನ ಕೈಲಿ ಆಗಲ್ಲ!” ಅವಳು ಹಲ್ಲು ಕಚ್ಚಿ ನೆಲ ನೋಡುತ್ತಿದ್ದಳು.

ಹೆಸರು ಬಿಟ್ಟು ಹೇಳಿ, ಯಾರೋ ಒಬ್ಬ ಅನ್ನಿ, ಸಾಕು. ಈ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಅಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಟೇಪು ಕೇಳಿದ ಸರ್, ನೀನು ಏನಾದರೂ ಹೇಳಿಕೊಟ್ಟೆಯಾ ಎಂದು ಕೇಳೇ ಕೇಳುತ್ತಾರೆ, ಅವರ ಮುಂದೆ ಸುಳ್ಳು ನನಗೆ ಬರುವುದಿಲ್ಲ. ಟೇಪು ಮಿಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಕಚ್ಚಿಕೊಂಡು ಕೂತೆ. ಒಂದೂ ಮುಕ್ಕಾಲಾಯಿತು.

ಆಗ ಗಿಡ್ಡಮ್ಮ ತಲೆಯೆತ್ತಿ, ಏನೋ ವಾಸನೆ ಬಂದವಳ ಹಾಗೆ ಮೂಗು ಅರಳಿಸಿದಳು. ನನಗೆ ಅರ್ಥವಾಗುವ ಮೊದಲೇ ಚನ್ನಕೇಶವ ಹಾರಿ ಬಂದಿದ್ದ. ಅವಳು ಕಣದ ಸಿಮೆಂಟಿಗೆ ಬೀಳುವಷ್ಟರಲ್ಲಿ ಅವಳ ತಲೆ ಅವನ ತೋಳಿನ ಮೇಲಿತ್ತು. ಕೈಕಾಲು ಸೆಟೆದು ಅದುರಿದವು, ಕಾಫಿ ಹಣ್ಣು ಚೆಲ್ಲಾಪಿಲ್ಲಿಯಾಯಿತು. ಅವನು ಅವಳನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಯ ನೊರೆ ಒರೆಸಿ, “ಆತು, ಆತು, ಇನ್ನೊಂದು ಚೂರು,” ಎನ್ನುತ್ತಿದ್ದ. ಪುಸ್ತಕದಲ್ಲಿ ಮೂರ್ಛೆಯ ಬಗೆಗಳನ್ನೆಲ್ಲ ಬಾಯಿಪಾಠ ಮಾಡಿದ ನಾನು ಕಂಬ ಹಿಡಿದು ನಿಂತಿದ್ದೆ. ಆಮೇಲೆ ಅವಳು ನಿದ್ದೆಗೆ ಜಾರಿದಳು.

ಎರಡೂಕಾಲಾಯಿತು, ಎರಡೂವರೆಯಾಯಿತು. ಮೂರ್ಛೆಯಿಂದೆದ್ದವರಿಗೆ ಗಂಟೆಗಟ್ಟಲೆ ಮಂಪರು, ಹಿಂದಿನದೆಲ್ಲ ಕಲಸಿಹೋಗಿರುತ್ತದೆ. ಈಗ ಅವಳು ಹೇಳಲು ಒಪ್ಪಿದರೂ ಹೇಳಲಿಕ್ಕೆ ಏನು ಉಳಿದಿರುತ್ತದೋ ದೇವರಿಗೇ ಗೊತ್ತು. ಚನ್ನಕೇಶವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿಗೆ ಅಡ್ಡವಾಗಿ ಕೂತಿದ್ದ. ಅಳುತ್ತಿದ್ದ. ಒರೆಸಿಕೊಳ್ಳಲು ಕೈ ಎತ್ತಿದರೆ ಅವಳಿಗೆ ಎಚ್ಚರವಾದೀತೆಂದು ಒರೆಸಿಕೊಳ್ಳಲೂ ಇಲ್ಲ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಅವಳು ಕಣ್ಣು ಬಿಟ್ಟಳು. ಮೇಲಿದ್ದ ಆ ಮುಖವನ್ನು ತುಂಬಾ ಹೊತ್ತು ನೋಡಿದಳು. ನಿಧಾನವಾಗಿ ಎದ್ದು ಕೂತು, ನನ್ನ ಕಡೆ ತಿರುಗಿ, ತೊದಲುತ್ತ, “ಆ ಮಿಷಿನ್ ಹಾಕಿ,” ಎಂದಳು.

ಗುಂಡಿ ಒತ್ತಿದೆ.

“ಒಬ್ಬಳಿದ್ಲು,” ಎಂದಳು. ನಿಲ್ಲಿಸಿದಳು. “ಗಿಡ್ಡಮ್ಮ ಅಂತ.”

ಚನ್ನಕೇಶವ ತಲೆಯೆತ್ತಿದ.

“ಸೋಮವಾರ ಸಂತೆಗೆ ಹೋಗಿದ್ಲು. ಎರಡು ಕಂಬ್ಳಿ ತಗಂಡ್ಲು. ಒಂದು ಕುಡುಗೋಲು. ಬರುವಾಗ ಹೊಳೆ ತುಂಬಿತ್ತು. ಸಂಕ ದಾಟ್ತಾ ಕಾಲು ಜಾರ್ತು, ನೀರಿಗೆ ಬಿದ್ಲು. ಜೊತೇಲಿ ನಾಯಿ ಇತ್ತು, ಕೆಂಚುನಾಯಿ. ಅದೊಂದೇ ಈಜಿ ಮನೆಗೆ ಬಂತು. ಗಂಡ ಅದರ ಒದ್ದೆ ಮೈ ನೋಡಿ ಕೂಗ್ಕಂಡ. ಮೂರನೇ ದಿನಕ್ಕೆ ಬಿದಿರುಮೆಳೆ ಬುಡದಲ್ಲಿ ಗಿಡ್ಡಮ್ಮನ ಹೆಣ ಸಿಕ್ತು. ಕಂಬ್ಳಿ ಹೆಗಲ ಮೇಲೇ ಇತ್ತು. ಅಷ್ಟೇ.”

“ಬಿಡ್ತು ಅನ್ನು!” ಚನ್ನಕೇಶವ ಕಿರುಚಿದ. “ಬಿಡ್ತು ಅನ್ನೇ! ಈಗಲೇ ಅನ್ನು! ಆಪರೇಷನ್ನಿಗೆ ಹೋಗೋಳು ಎಂತ ಮಾತಾಡ್ತಿದೀಯ? ಹೆಸರು ಹಾಕಲೇಬೇಕು ಅಂದ್ರೆ ನಂದೇ ಹಾಕ್ಬೇಕಿತ್ತು!”

“ಬಿಡ್ತು,” ಎಂದಳು ಅವಳು, ಸಮಾಧಾನವಾಗಿ. “ನಂಗೆ ಎಂತಾದ್ರೂ ಆದ್ರೆ ಎತ್ತಕ್ಕೆ ನೀವಿದೀರಿ. ನಿಮಗಾದ್ರೆ ನನ್ನ ಯಾರು ಎತ್ತದು?”

ಟೇಪು ಚೀಲಕ್ಕೆ ತುರುಕಿ ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ ಅತ್ತೆ. ಪಕ್ಕದ ಸೀಟಿನಲ್ಲಿದ್ದ ಹೆಂಗಸು ಯಾರದ್ದೋ ಸಾವಿಗೆ ಹೋಗಿಬಂದವಳೆಂದು ತಿಳಿದು ನನಗೆ ಬಾಳೆಹಣ್ಣು ಕೊಟ್ಟಳು.

ಸೋಮವಾರ ಮೀಟಿಂಗಿನಲ್ಲಿ ಸರ್ ಟೇಪನ್ನು ಎರಡು ಸಲ ಹಾಕಿ ಕೇಳಿದರು. ಇಪ್ಪತ್ತೈದಕ್ಕೆ ಇಪ್ಪತ್ತೆರಡು. ಎರಡು ದಿನ ಕಳೆದು, ಅದೂ ಮೂರ್ಛೆಯಿಂದ ಎದ್ದ ಬೆನ್ನಿಗೇ. ನಮ್ಮ ಇನ್ನೂರು ಆರೋಗ್ಯವಂತರಲ್ಲೂ ಅಷ್ಟು ತಂದವರು ಬೆರಳೆಣಿಕೆಯಷ್ಟು. “ಎಡಗಡೆ ಗಟ್ಟಿಯಾಗಿದೆ,” ಎಂದು ಬರೆದು ಸಹಿ ಹಾಕಿದರು. ಆಮೇಲೆ ನನ್ನ ಕಡೆ ನೋಡದೆಯೇ, “ಆ ಕತೆ ಇವತ್ತಿಗೆ ರದ್ದು,” ಎಂದರು. ಎರಡು ವರ್ಷದ ಕೆಲಸ ನೀರಲ್ಲಿ ಹೋಯಿತು. ಹೋಗಲಿ, ಹೋಗಬೇಕಾದ್ದೇ.

ಆಪರೇಷನ್ ಏಪ್ರಿಲ್‌ನಲ್ಲಿ. ಆ ಬೆಳಿಗ್ಗೆ ಎಂಟು ಗಂಟೆಗೆ ವಾರ್ಡಿನಿಂದ ನನಗೆ ಫೋನು ಬಂತು. ತಲೆ ಬೋಳಿಸಿ, ಹಸಿರು ಗೌನು ತೊಡಿಸಿದ ಮೇಲೆ ಗಿಡ್ಡಮ್ಮ ಸ್ಟ್ರೆಚರಿನಿಂದ ಇಳಿದು ಕೂತಿದ್ದಾಳೆ, ಕತೆಯ ಮೇಡಮ್ಮೋರನ್ನು ಕರೆಸಿ ಎನ್ನುತ್ತಿದ್ದಾಳೆ. ಓಡಿದೆ.

“ಆ ಟೇಪು ಎಲ್ಲಿದೆ?” ಎಂದಳು.

“ಬೀರುವಿನಲ್ಲಿದೆ. ಯಾಕೆ?”

“ಬಾಯಲ್ಲಿ ಅಂದಿದ್ದು ಬಿಡ್ತು ಅಂದ್ರೆ ಹೋಯ್ತು. ಮಿಷಿನ್ನಲ್ಲಿ ಕೂತಿದ್ದು ಹೋಗ್ತದಾ? ನಾನು ಒಳಗೆ ಕಣ್ಣು ಮುಚ್ಚಿ ಮಲಗಿರ್ತೀನಿ, ಅದು ಅಲ್ಲಿ ಗಿಡ್ಡಮ್ಮ ಸತ್ಲು ಗಿಡ್ಡಮ್ಮ ಸತ್ಲು ಅಂತಿರ್ತದೆ. ಅದನ್ನ ಅಳಿಸಿ. ಆಮೇಲೆ ಹೋಗ್ತೀನಿ.”

ದಾಖಲೆಯ ಟೇಪುಗಳನ್ನು ಐದು ವರ್ಷ ಇಡಬೇಕು, ಮುಟ್ಟಬಾರದು ಎಂದು ಬರೆದ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಸರ್ ಊರಲ್ಲಿರಲಿಲ್ಲ. ಸರ್ಜನ್ ಕೈ ತೊಳೆದು ಕಾಯುತ್ತಿದ್ದರು. ಇನ್ನು ಹದಿನೈದು ನಿಮಿಷದಲ್ಲಿ ಬರದಿದ್ದರೆ ಮುಂದಿನ ರೋಗಿಯನ್ನು ಕರೆತನ್ನಿ ಎಂದು ನರ್ಸ್ ಕೈಯಲ್ಲಿ ಹೇಳಿಕಳಿಸಿದ್ದರು. ಅಳಿಸಿದೆ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಅವಳ ಕಣ್ಣು ನೋಡಿದರೆ ಆ ಧೈರ್ಯ ಬರಲಿಲ್ಲ. ರಸ್ತೆ ದಾಟಿ ಪ್ರಯೋಗಾಲಯಕ್ಕೆ ಓಡಿ ಟೇಪನ್ನೂ ಮಿಷಿನ್ನನ್ನೂ ಹಿಡಿದು ತಂದೆ. ಈ ಒಂದು ಕೆಲಸಕ್ಕೆ ಆಮೇಲೆ ನನಗೆ ನೋಟಿಸು ಬಂತು, ಒಂದು ವರ್ಷದ ಬಡ್ತಿ ಹೋಯಿತು. ಈಗಲೂ ಅಂಥ ಸಂದರ್ಭ ಬಂದರೆ ಅದನ್ನೇ ಮಾಡುತ್ತೇನೆ.

ಟೇಪನ್ನು ಮೊದಲಿಗೆ ಸುತ್ತಿ, “ಈಗ ಇದರ ಮೇಲೆ ಹಾಕಿದ್ರೆ ಹಳೇದು ಅಳಿಸಿ ಹೋಗ್ತದೆ,” ಎಂದೆ.

“ಖಾಲಿ ಬಿಡಬ್ಯಾಡಿ.” ಅವಳು ಗಂಡನ ಕಡೆ ತಿರುಗಿದಳು. “ನೀವು ಹೇಳಿ.”

ಚನ್ನಕೇಶವ ಮಿಷಿನ್ನಿನ ಮುಂದೆ ಕೈಕಟ್ಟಿ ನಿಂತ. “ಗಿಡ್ಡಮ್ಮ ಅಂತ ಒಬ್ಬಳು. ಸಂತೆಗೆ ಹೋಗಿದ್ಲು. ಬರುವಾಗ ಹೊಳೆ ತುಂಬಿತ್ತು. ಸಂಕದ ಮೇಲೆ ಕಾಲಿಟ್ಲು.” ಅಲ್ಲಿಗೆ ನಿಲ್ಲಿಸಿದ. ನರ್ಸ್ ಗಡಿಯಾರ ನೋಡಿದಳು.

“ಆಮೇಲೆ?” ಗಿಡ್ಡಮ್ಮ ಕೇಳಿದಳು.

“ದಾಟಿದ್ಲು.”

“ದಾಟಿ?”

“ದಾಟಿ ಮನೆಗೆ ಬಂದ್ಲು. ಯಾಕೆ ಇಷ್ಟು ಹೊತ್ತು ಮಾಡ್ದೆ ಅಂತ ಗಂಡ ಬೈದ. ಇಬ್ರೂ ಉಂಡ್ರು.”

“ಸರಿ, ನಡೀರಿ,” ಎಂದು ಅವಳು ತಾನೇ ಸ್ಟ್ರೆಚರ್ ಹತ್ತಿ ಮಲಗಿದಳು.

ಐದೂವರೆ ಗಂಟೆ ಹಿಡಿಯಿತು. ಚನ್ನಕೇಶವ ಒಂದು ಗುಟುಕು ನೀರೂ ಕುಡಿಯಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಿಲು ತೆರೆದು, ಸರ್ಜನ್‌ರ ಜೊತೆಗಿದ್ದ ಸಣ್ಣ ವಯಸ್ಸಿನ ಡಾಕ್ಟರು ಹೊರಗೆ ಬಂದಾಗ ಅವನು ಎದ್ದು ಬಾಗಿಲ ಹತ್ತಿರ ಹೋದ.

“ಕೆಟ್ಟ ಭಾಗ ಪೂರ್ತಿ ಬಂದಿದೆ. ಎಚ್ಚರ ಆಗಿದೆ, ಮಾತೂ ಆಡಿದ್ರು.”

“ಎಂತ ಅಂದ್ಲು?”

“ಎಂತದೋ, ನನಗೆ ಸರಿಯಾಗಿ ಅರ್ಥ ಆಗ್ಲಿಲ್ಲ,” ಎಂದರು ಡಾಕ್ಟರು. “ಮನೆಗೆ ಬಂದೆ ಅಂತ ಅವ್ರಿಗೆ ಹೇಳಿ, ಅಂದ್ರು.”